ಹಾರ್ಪೂನ್ ಹಿಡಿದವನ ಬೆನ್ನ ಹಿಂದೆ: ಒಂದು ಜಮೀನು ತಕರಾರಿನ ಪ್ರಕರಣ ಅಧ್ಯಯನ

ಟೆಕ್ಸಾಸಿನ ಒಂದು ಸಣ್ಣ ಊರು. ಧೂಳಿನ ಬೀದಿ, ಎರಡೂ ಬದಿಗೆ ಮರದ ಕಟ್ಟಡಗಳು. ಕಪ್ಪು ಬಟ್ಟೆ ತೊಟ್ಟವನೊಬ್ಬ ನಮಗೆ ಬೆನ್ನು ಹಾಕಿ ನಿಂತಿದ್ದಾನೆ. ಸೊಂಟದಲ್ಲಿ ಪಿಸ್ತೂಲು. ಎದುರಿನಿಂದ ಆರಡಿ ದಾಟಿದ ಆಳೊಬ್ಬ ನಡೆದು ಬರುತ್ತಿದ್ದಾನೆ. ಅವನ ಹತ್ತಿರ ಪಿಸ್ತೂಲಿಲ್ಲ. ಹಾರ್ಪೂನ್ ಇದೆ, ಅಂದರೆ ತಿಮಿಂಗಿಲಕ್ಕೆ ಎಸೆಯುವ ಉದ್ದನೆಯ ಈಟಿ. ಇನ್ನೂ ಹತ್ತಿರ ಬಾ ಎಂದು ಕಪ್ಪು ಬಟ್ಟೆಯವನು ಕೆಣಕುತ್ತಾನೆ. ಇನ್ನೇನು ಒಬ್ಬ ಎಸೆಯಬೇಕು, ಇನ್ನೊಬ್ಬ ಗುಂಡು ಹೊಡೆಯಬೇಕು, ಅಷ್ಟರಲ್ಲಿ ದೃಶ್ಯ ಕತ್ತರಿಸಿ ಹೋಗುತ್ತದೆ. ಹೆಸರುಗಳು ಬರಲು ಶುರುವಾಗುತ್ತವೆ.

ಮೊದಲ ಸಲ ನೋಡಿದಾಗ ನನಗೆ ನಗು ಬಂತು. ಸಮುದ್ರವೇ ಕಾಣದ ಬಯಲಿನಲ್ಲಿ ತಿಮಿಂಗಿಲದ ಈಟಿ! ಕೌಬಾಯ್ ಸಿನಿಮಾ ಅಂದರೆ ಕುದುರೆ, ಟೋಪಿ, ಪಿಸ್ತೂಲು ಅಲ್ವಾ? ಇದು ಯಾವುದೋ ತಮಾಷೆ ಇರಬೇಕು ಅಂದುಕೊಂಡೆ. ಎಂಬತ್ತು ನಿಮಿಷ ಕಳೆದು ಅದೇ ಬೀದಿ ಮತ್ತೆ ಬಂದಾಗ ನಗು ಇರಲಿಲ್ಲ.

ಸಿನಿಮಾದ ಹೆಸರು ‘ಟೆರರ್ ಇನ್ ಎ ಟೆಕ್ಸಾಸ್ ಟೌನ್’. 1958ರದು. ನಿರ್ದೇಶಕ ಜೋಸೆಫ್ ಎಚ್. ಲೂಯಿಸ್. ಸುಮಾರು 80 ಸಾವಿರ ಡಾಲರ್ ಖರ್ಚಿನಲ್ಲಿ, ಹತ್ತು ದಿನದಲ್ಲಿ ತೆಗೆದ ಕಪ್ಪು ಬಿಳುಪು ಚಿತ್ರ. ವೆಸ್ಟರ್ನ್ ಚಿತ್ರಗಳ ದೊಡ್ಡ ಪಟ್ಟಿಗಳಲ್ಲಿ ಇದರ ಹೆಸರು ಅಪರೂಪ. ಹುಡುಕಿಕೊಂಡು ಹೋಗಿ ನೋಡುವವರು ಮಾತ್ರ ನೋಡುತ್ತಾರೆ.

ಇದನ್ನು ಸುಮ್ನೆ ವಿಮರ್ಶೆ ಮಾಡುವ ಬದಲು ಒಂದು ಪ್ರಕರಣದ ಹಾಗೆ ಬಿಡಿಸಿ ನೋಡಬೇಕು ಅನ್ನಿಸಿತು. ಯಾಕೆಂದರೆ ಈಟಿ ಪಿಸ್ತೂಲುಗಳನ್ನು ಪಕ್ಕಕ್ಕಿಟ್ಟರೆ ಉಳಿಯುವುದು ಒಂದು ಜಮೀನಿನ ಫೈಲು. ತಕರಾರಿನ ಜಾಗ ಇದೆ, ಇಬ್ಬರು ಹಕ್ಕುದಾರರಿದ್ದಾರೆ, ಒಂದು ಕೊಲೆ ಇದೆ, ದೂರು ತೆಗೆದುಕೊಳ್ಳದ ಅಧಿಕಾರಿ ಇದ್ದಾನೆ. ಮತ್ತೆ, ಎಲ್ಲವನ್ನೂ ಕಣ್ಣಾರೆ ನೋಡಿ ಏನೂ ನೋಡಿಲ್ಲ ಅನ್ನುವ ಒಬ್ಬ ಪಕ್ಕದ ಜಮೀನಿನವನು. ನನ್ನ ಲೆಕ್ಕದಲ್ಲಿ ಇಡೀ ಪ್ರಕರಣ ನಿಂತಿರುವುದು ಈ ಕೊನೆಯವನ ಮೇಲೆ.

ತಕರಾರು ಏನು

ಊರಿನ ಹೆಸರು ಪ್ರೇರಿ ಸಿಟಿ. ಸುತ್ತ ಸಣ್ಣ ರೈತರು. ಎಡ್ ಮೆಕ್‌ನೀಲ್ ಎಂಬ ದಪ್ಪನೆಯ, ನಯವಾಗಿ ಮಾತಾಡುವ ಮನುಷ್ಯ ಊರಿನ ಹೋಟೆಲಿನಲ್ಲಿ ಕೂತು ಇವರ ಜಮೀನುಗಳನ್ನೆಲ್ಲ ಒಂದೊಂದಾಗಿ ಬಾಚಿಕೊಳ್ಳಲು ಹೊರಟಿದ್ದಾನೆ. ಸೆಬಾಸ್ಟಿಯನ್ ಕ್ಯಾಬಟ್ ಈ ಪಾತ್ರ ಮಾಡಿದ್ದಾನೆ. ಅವನಿಗೆ ಕೋಪವೇ ಬರುವುದಿಲ್ಲ. ಊಟ ಮಾಡುತ್ತಾ, ಬಾಯಿ ಒರೆಸಿಕೊಳ್ಳುತ್ತಾ, ಯಾರ ಮನೆ ಹೋಗಬೇಕು ಅನ್ನುವುದನ್ನು ಅಂಗಡಿ ಲೆಕ್ಕದ ಹಾಗೆ ಹೇಳುತ್ತಾನೆ. ಅವನ ಮಾತಿನಲ್ಲಿ ಈ ರೈತರೆಲ್ಲ ತಮ್ಮದಲ್ಲದ ಜಾಗದಲ್ಲಿ ಬಂದು ಕೂತವರು. ಒಪ್ಪಿದವರಿಗೆ ಒಂದಿಷ್ಟು ದುಡ್ಡು. ಒಪ್ಪದವರ ಮನೆಗೆ ಬೆಂಕಿ. ಬೆಂಕಿಗೂ ಬಗ್ಗದವರಿಗೆ ಜಾನಿ ಕ್ರೇಲ್.

ಕ್ರೇಲ್ ಬಾಡಿಗೆಯ ಕೊಲೆಗಾರ. ಬಲಗೈ ಹೋಗಿದೆ, ಆ ಜಾಗದಲ್ಲಿ ಉಕ್ಕಿನ ಕೈ. ಈಗ ಎಡಗೈಯಲ್ಲಿ ಗುಂಡು ಹೊಡೆಯುತ್ತಾನೆ. ಅವನ ಕಾಲ ಮುಗಿಯುತ್ತಾ ಬಂದಿದೆ ಅನ್ನುವುದು ಅವನಿಗೂ ಗೊತ್ತು, ಮೆಕ್‌ನೀಲ್‌ಗೂ ಗೊತ್ತು. ಮಾಲಿ ಎಂಬ ಹೆಂಗಸು ಕುಡಿಯುತ್ತಾ ಅವನ ಜೊತೆಗಿದ್ದಾಳೆ. ಇಂಥವನ ಜೊತೆ ಯಾಕಿದ್ದೀಯ ಎಂಬ ಪ್ರಶ್ನೆಗೆ ಅವಳ ಉತ್ತರದ ಸಾರ ಇಷ್ಟು: ನಾನು ಎಷ್ಟೇ ಕೆಳಗೆ ಬಿದ್ದರೂ ಇವನನ್ನು ನೋಡಿದಾಗ ನನಗಿಂತ ಕೆಳಗೊಬ್ಬ ಇದ್ದಾನೆ ಅನ್ನಿಸುತ್ತದೆ. ಅಗ್ಗದ ಸಿನಿಮಾ ಅಂತ ಕಡೆಗಣಿಸುವವರಿಗೆ ನಾನು ಮೊದಲು ತೋರಿಸುವುದು ಈ ಜಾಗವನ್ನೇ.

ಸ್ವೆನ್ ಹ್ಯಾನ್ಸನ್ ಸ್ವೀಡನ್ನಿನಿಂದ ಬಂದ ಮುದುಕ. ಒಂದು ಕಾಲದಲ್ಲಿ ತಿಮಿಂಗಿಲ ಬೇಟೆಯ ಹಡಗಿನಲ್ಲಿದ್ದವನು, ಈಗ ರೈತ. ಜಾಗ ಬಿಡುವುದಿಲ್ಲ ಅನ್ನುತ್ತಾನೆ, ಉಳಿದವರನ್ನೂ ಒಟ್ಟಾಗಿ ನಿಲ್ಲೋಣ ಅಂತ ಹುರಿದುಂಬಿಸುತ್ತಾನೆ. ಕ್ರೇಲ್ ಅವನನ್ನು ಅವನ ಜಮೀನಿನಲ್ಲೇ ಕೊಲ್ಲುತ್ತಾನೆ. ಹೊಸೆ ಮಿರಾಡಾ ಎಂಬ ಮೆಕ್ಸಿಕನ್ ರೈತ, ಪಕ್ಕದ ಜಮೀನಿನವನು, ತನ್ನ ಮಗನ ಜೊತೆ ಮರೆಯಲ್ಲಿ ನಿಂತು ಅದನ್ನು ನೋಡುತ್ತಾನೆ.

ಇದಾದ ಮೇಲೆ ಸ್ವೆನ್‌ನ ಮಗ ಜಾರ್ಜ್ ರೈಲಿನಿಂದ ಇಳಿಯುತ್ತಾನೆ. ಅವನೂ ಹಡಗಿನವನೇ. ಎಷ್ಟೋ ವರ್ಷಗಳ ನಂತರ ಅಪ್ಪನನ್ನು ನೋಡಲು ಬಂದವನಿಗೆ ಸಿಗುವುದು ಸಾವಿನ ಸುದ್ದಿ. ಕೊಂದವರು ಯಾರು ಅಂದರೆ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಶೆರಿಫ್, ಅಂದರೆ ಊರಿನ ಪೊಲೀಸ್ ಅಧಿಕಾರಿ, ಮೆಕ್‌ನೀಲ್‌ನ ಕಿಸೆಯಲ್ಲಿದ್ದಾನೆ. ಜಮೀನು ನನ್ನ ಅಪ್ಪನದು, ಈಗ ನನ್ನದು ಅಂದರೆ, ಅದು ಅಷ್ಟು ಸುಲಭವಲ್ಲ ಅನ್ನುವ ಮಾತು. ಜಾರ್ಜ್ ಏಟು ತಿಂದು, ರೈಲಿಗೆ ಹಾಕಿಸಿಕೊಂಡು, ಹಳಿಗುಂಟ ನಡೆದು ವಾಪಸ್ ಬರುತ್ತಾನೆ.

ಸ್ಟರ್ಲಿಂಗ್ ಹೇಡನ್ ಜಾರ್ಜ್ ಆಗಿದ್ದಾನೆ. ಆಳು ದೊಡ್ಡದು, ಕೋಟು ಮೈಗೆ ಹೊಂದುವುದಿಲ್ಲ, ಮಾತು ಎಳೆದೆಳೆದು ಬರುತ್ತದೆ. ಹೊಸ ಊರಿನ ಸರ್ಕಾರಿ ಕಚೇರಿಯಲ್ಲಿ ಯಾವ ಕಿಟಕಿಗೆ ಹೋಗಬೇಕು ಅಂತ ಗೊತ್ತಾಗದೆ ಟೋಪಿ ಕೈಯಲ್ಲಿ ಹಿಡಿದು ನಿಂತವರನ್ನು ನೀವು ನೋಡಿರುತ್ತೀರಿ. ಅದೇ ನಿಲುವು.

ಕಾಗದ, ಉಳುಮೆ, ಎಣ್ಣೆ

ಮೆಕ್‌ನೀಲ್‌ಗೆ ಈ ಒಣ ಜಮೀನು ಯಾಕೆ ಬೇಕು? ಕೆಳಗೆ ಎಣ್ಣೆ ಇದೆ. ಊರಿನವರಿಗೆ ಗೊತ್ತಿಲ್ಲ. ಸ್ವೆನ್‌ಗೆ ಮತ್ತು ಮಿರಾಡಾಗೆ ಗೊತ್ತಾಗಿತ್ತು.

ಇಲ್ಲಿ ಟೆಕ್ಸಾಸಿನ ಕಾನೂನು ಸ್ವಲ್ಪ ತಿಳಿದಿದ್ದರೆ ಕಥೆ ಬಿಗಿಯಾಗುತ್ತದೆ. ಅಮೆರಿಕದ ಪಶ್ಚಿಮದ ಜಮೀನು ಅಂದ ಕೂಡಲೇ ಎಲ್ಲರೂ 1862ರ ಹೋಮ್‌ಸ್ಟೆಡ್ ಕಾಯ್ದೆಯನ್ನು ನೆನೆಯುತ್ತಾರೆ. ಕೇಂದ್ರ ಸರ್ಕಾರದ ಜಮೀನಿನಲ್ಲಿ 160 ಎಕರೆ, ಐದು ವರ್ಷ ಅಲ್ಲೇ ಇದ್ದು ಸಾಗುವಳಿ ಮಾಡಿದರೆ ನಿಮ್ಮದು. ಟೆಕ್ಸಾಸಿಗೆ ಅದು ಅನ್ವಯಿಸುತ್ತಿರಲಿಲ್ಲ. 1845ರಲ್ಲಿ ಅದು ಅಮೆರಿಕಕ್ಕೆ ಸೇರಿದ್ದು ತನ್ನ ಸರ್ಕಾರಿ ಜಮೀನನ್ನೆಲ್ಲ ತನ್ನಲ್ಲೇ ಇಟ್ಟುಕೊಂಡು. ಹಾಗಾಗಿ ರಾಜ್ಯದ್ದೇ ನಿಯಮ. 1854ರಿಂದ 160 ಎಕರೆ, ಮೂರು ವರ್ಷ ವಾಸ, ಜಮೀನನ್ನು ಹಸನು ಮಾಡಿದ್ದಕ್ಕೆ ಪುರಾವೆ. ಮೊದಲು ಹೋಗಿ ಕೂರು, ಉಳು, ಆಮೇಲೆ ಕಾಗದ. ಬಗರ್ ಹುಕುಂ ಅರ್ಜಿ ಹಾಕಿ ಕಾದವರಿಗೆ ಈ ನಡುವಿನ ವರ್ಷಗಳ ಆತಂಕವನ್ನು ಬಿಡಿಸಿ ಹೇಳಬೇಕಿಲ್ಲ. ಉಳುಮೆ ನಿಜ, ಬೆವರು ನಿಜ, ಆದರೆ ಕಾಗದ ಬರುವವರೆಗೆ ಯಾರಾದರೂ ಬಂದು ಇದು ನಿನ್ನದಲ್ಲ ಅನ್ನಬಹುದು.

ಅದರ ಜೊತೆಗೆ ಸ್ಪೇನ್ ಮತ್ತು ಮೆಕ್ಸಿಕೋ ಆಳ್ವಿಕೆಯಲ್ಲಿ ಕೊಟ್ಟ ಹಳೆಯ ದೊಡ್ಡ ದೊಡ್ಡ ದತ್ತಿ ಜಮೀನುಗಳಿದ್ದವು. 1846ರಿಂದ 1848ರ ಯುದ್ಧದ ನಂತರ ಅಲ್ಲಿನ ಮೆಕ್ಸಿಕನ್ ಮೂಲದವರು ತಲೆಮಾರುಗಳಿಂದ ಇದ್ದ ಜಾಗಕ್ಕೂ ಹೊಸ ಸರ್ಕಾರದ ಮುಂದೆ ಪುರಾವೆ ಕೊಡಬೇಕಾಯಿತು. ಎಷ್ಟೋ ಜನ ವಕೀಲರ ಖರ್ಚಿನಲ್ಲೇ ಜಮೀನು ಕಳೆದುಕೊಂಡರು. ಮಿರಾಡಾ ಎಂಬ ಪಾತ್ರ ಯಾಕೆ ಅಷ್ಟು ಹೆದರುತ್ತದೆ ಅನ್ನುವುದಕ್ಕೆ ಈ ಹಿನ್ನೆಲೆ ಸಾಕು. ಸ್ವೀಡನ್ನಿನವನಿಗೆ ಊರಿನಲ್ಲಿ ಒಂದು ಮಟ್ಟದ ಮರ್ಯಾದೆಯಾದರೂ ಇದೆ. ಮಿರಾಡಾನ ಮಾತಿಗೆ ಶೆರಿಫ್ ಎದ್ದು ನಿಲ್ಲುವನೇ?

ಇನ್ನು ಎಣ್ಣೆ. ಸ್ಪೇನಿನ ಕಾನೂನಿನಲ್ಲಿ ನೆಲದೊಳಗಿನ ಖನಿಜ ರಾಜನದು. ಟೆಕ್ಸಾಸ್ ಬಹಳ ಕಾಲ ಅದನ್ನೇ ಪಾಲಿಸಿತು. 1866ರ ರಾಜ್ಯ ಸಂವಿಧಾನ ಅದನ್ನು ತಿರುಗಿಸಿ, ಆಗ ಖಾಸಗಿಯವರ ಕೈಯಲ್ಲಿದ್ದ ಜಮೀನಿನ ಖನಿಜವನ್ನು ಜಮೀನಿನವರಿಗೇ ಬಿಟ್ಟುಕೊಟ್ಟಿತು. ಮೇಲ್ಮೈ ಯಾರದೋ ಒಳಗಿನದೂ ಅವರದೇ. 1894ರಲ್ಲಿ ಕಾರ್ಸಿಕಾನಾ ಊರಿನಲ್ಲಿ ನೀರಿಗೆ ಅಂತ ಬಾವಿ ಕೊರೆದರೆ ಎಣ್ಣೆ ಬಂತು. 1901ರ ಜನವರಿ 10ರಂದು ಬ್ಯೂಮಾಂಟ್ ಹತ್ತಿರದ ಸ್ಪಿಂಡಲ್‌ಟಾಪ್‌ನಲ್ಲಿ ಎಣ್ಣೆ ಆಕಾಶಕ್ಕೆ ಚಿಮ್ಮಿತು. ಆಮೇಲೆ ಟೆಕ್ಸಾಸ್ ಮೊದಲಿನ ಟೆಕ್ಸಾಸ್ ಆಗಿ ಉಳಿಯಲಿಲ್ಲ. ಮೆಕ್‌ನೀಲ್‌ಗೆ ಎಣ್ಣೆ ಬೇಕೆಂದರೆ ಜಮೀನೇ ಬೇಕು, ಎಣ್ಣೆಯ ಸುದ್ದಿ ಹಬ್ಬುವುದಕ್ಕೆ ಮೊದಲೇ ಬೇಕು. ಅವನ ಅವಸರಕ್ಕೆ ಕಾರಣ ಇದು. ಬೆಲೆ ಏರುವ ಮುಂಚೆ ಒಕ್ಕಲೆಬ್ಬಿಸಬೇಕು.

ನೋಡಿದವನು

ಈಗ ಮಿರಾಡಾ ವಿಷಯಕ್ಕೆ ಬರುತ್ತೇನೆ. ಈ ಪಾತ್ರವನ್ನು ವಿಕ್ಟರ್ ಮಿಲ್ಲನ್ ಮಾಡಿದ್ದಾನೆ.

ಮಿರಾಡಾ ಕೆಟ್ಟವನಲ್ಲ. ಹೇಡಿ ಅನ್ನುವುದಕ್ಕೂ ನನಗೆ ಮನಸ್ಸು ಬರುವುದಿಲ್ಲ. ಹೆಂಡತಿ ತುಂಬು ಗರ್ಭಿಣಿ. ಮಗ ಚಿಕ್ಕವನು, ಅವನೂ ಕೊಲೆ ನೋಡಿದ್ದಾನೆ. ಸ್ವೆನ್ ಅವನ ಗೆಳೆಯ. ಸತ್ತ ಗೆಳೆಯನಿಗೆ ನ್ಯಾಯ ಕೊಡಿಸಲು ಹೋದರೆ ಬದುಕಿರುವ ಮೂವರು ಮತ್ತು ಹುಟ್ಟಲಿರುವ ಒಂದು ಜೀವ ಅಪಾಯಕ್ಕೆ ಬೀಳುತ್ತವೆ. ಅವನು ಲೆಕ್ಕ ಹಾಕುತ್ತಾನೆ. ಜಾರ್ಜ್ ಬಂದು ಕೇಳಿದಾಗ ನಾನೇನೂ ನೋಡಿಲ್ಲ ಅನ್ನುತ್ತಾನೆ. ಮಗನ ಬಾಯಿಯನ್ನೂ ಮುಚ್ಚಿಸುತ್ತಾನೆ.

ಸಿನಿಮಾದ ಜಾಣತನ ಏನೆಂದರೆ ಈ ಸುಳ್ಳಿನ ಪರಿಣಾಮವನ್ನು ಅದು ತಕ್ಷಣ ತೋರಿಸುವುದಿಲ್ಲ. ಜಾರ್ಜ್ ಊರೆಲ್ಲ ಅಲೆಯುತ್ತಾನೆ, ಅಪ್ಪನನ್ನು ಕೊಂದವನ ಎದುರಿಗೇ ನಿಂತು ಮಾತಾಡುತ್ತಾನೆ, ಅವನಿಗೆ ಗೊತ್ತಿಲ್ಲ. ನಮಗೆ ಗೊತ್ತು. ಕ್ರೇಲ್‌ಗೆ ಗೊತ್ತು. ಮಿರಾಡಾಗೂ ಗೊತ್ತು. ಒಂದು ಹೆಸರು ಹೊರಗೆ ಬಂದರೆ ಇಡೀ ಫೈಲು ತೆರೆದುಕೊಳ್ಳುತ್ತದೆ. ಬರುವುದಿಲ್ಲ. ಬೆಂಕಿ ಹಚ್ಚಿದಾಗ ಉರಿಯುವುದು ಒಂದು ಮನೆ, ಮಿರಾಡಾ ಬಾಯಿ ಮುಚ್ಚಿಕೊಂಡಾಗ ಎಲ್ಲರ ಜಮೀನೂ ಅಲ್ಲಾಡುತ್ತದೆ. ಮೆಕ್‌ನೀಲ್‌ನ ನಿಜವಾದ ಬಂಡವಾಳ ಇದು. ಕ್ರೇಲ್‌ಗೆ ಅವನು ದುಡ್ಡು ಕೊಡುವುದು ಗುಂಡು ಹೊಡೆಯುವುದಕ್ಕಲ್ಲ, ಹೊಡೆದ ಮೇಲೆ ಊರು ಸುಮ್ಮನಿರುವುದಕ್ಕೆ.

ಕೊನೆಗೆ ಮಿರಾಡಾ ಮಾತಾಡುತ್ತಾನೆ. ಏಟು ತಿಂದು ನಡೆದು ಬಂದ ಜಾರ್ಜ್‌ನನ್ನು ನೋಡಿದ ಮೇಲೆ ಅವನಿಂದ ತಡೆದುಕೊಳ್ಳಲು ಆಗುವುದಿಲ್ಲ. ಯಾರು ಕೊಂದರು, ಯಾಕೆ ಕೊಂದರು, ನೆಲದ ಕೆಳಗೆ ಏನಿದೆ, ಎಲ್ಲ ಹೇಳುತ್ತಾನೆ. ಇದಕ್ಕೆ ಬೆಲೆ ಏನು ಅಂತ ಅವನಿಗೆ ಗೊತ್ತು. ಕ್ರೇಲ್ ಬರುತ್ತಾನೆ. ಮಿರಾಡಾ ಬೇಡಿಕೊಳ್ಳುವುದಿಲ್ಲ, ಓಡುವುದಿಲ್ಲ. ಹೆದರದೆ ಸಾಯುತ್ತಾನೆ.

ಇಲ್ಲಿಂದ ಸಿನಿಮಾ ನಾನು ಎಣಿಸದ ದಾರಿ ಹಿಡಿಯಿತು. ಗುಂಡು ತಿಂದವನಿಗಿಂತ ಜಾಸ್ತಿ ಕುಸಿಯುವುದು ಗುಂಡು ಹೊಡೆದವನು. ಸಾಯಲು ಹೆದರದ ಮನುಷ್ಯನನ್ನು ಕ್ರೇಲ್ ಮೊದಲ ಸಲ ನೋಡಿದ್ದಾನೆ. ಅವನ ಕಸುಬು ನಡೆಯುತ್ತಿದ್ದದ್ದೇ ಎದುರಿನವನ ಹೆದರಿಕೆಯ ಮೇಲೆ. ಅದು ಇಲ್ಲದೆ ಹೋದಾಗ ಉಕ್ಕಿನ ಕೈಯೂ ಎಡಗೈ ಚುರುಕೂ ಯಾವುದಕ್ಕೂ ಸಾಲದು ಅನ್ನಿಸುತ್ತದೆ. ಅದನ್ನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಾನೆ. ಮೆಕ್‌ನೀಲ್‌ಗೆ ಇದು ಅರ್ಥವೇ ಆಗುವುದಿಲ್ಲ, ಅವನಿಗೆ ಕೆಲಸ ಮುಗಿಯಬೇಕು ಅಷ್ಟೇ. ಕ್ರೇಲ್ ಅವನನ್ನೂ ಕೊಲ್ಲುತ್ತಾನೆ.

ಅಂದರೆ ಜಾರ್ಜ್ ಹಾರ್ಪೂನ್ ಹಿಡಿದು ಬೀದಿಗೆ ಬರುವ ಹೊತ್ತಿಗೆ ಜಮೀನು ಬೇಕಾಗಿದ್ದವನೇ ಇಲ್ಲ. ತಕರಾರು ಆಗಲೇ ಮುಗಿದಿದೆ. ಹಾಗಾದರೆ ಆ ಹೋರಾಟ ಯಾತಕ್ಕೆ? ಸೇಡಿಗೆ ಅಂತ ಸುಲಭವಾಗಿ ಹೇಳಿಬಿಡಬಹುದು. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಬೇರೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಸಾಕ್ಷಿಯೇ ಇಲ್ಲದ ಜಮೀನು ಜಗಳ ಬರೀ ಸಿನಿಮಾದ ಕಲ್ಪನೆಯಲ್ಲ. 1892ರ ಏಪ್ರಿಲ್‌ನಲ್ಲಿ ವಯೋಮಿಂಗ್ ರಾಜ್ಯದ ಜಾನ್ಸನ್ ಕೌಂಟಿಯಲ್ಲಿ ದೊಡ್ಡ ದನದ ಮಾಲೀಕರು ಟೆಕ್ಸಾಸಿನಿಂದ ಬಾಡಿಗೆ ಬಂದೂಕಿನವರನ್ನು ರೈಲಿನಲ್ಲಿ ಕರೆಸಿಕೊಂಡರು. ಎಲ್ಲ ಸೇರಿ ಸುಮಾರು 50 ಜನ. ಸಣ್ಣ ಹಿಡುವಳಿದಾರರನ್ನು ದನಗಳ್ಳರು ಅಂತ ಕರೆದು ಮುಗಿಸುವುದು ಉಪಾಯ. ಒಂದು ಮನೆಯನ್ನು ಸುತ್ತುವರಿದು ನೇಟ್ ಚಾಂಪಿಯನ್ ಮತ್ತು ನಿಕ್ ರೇ ಎಂಬ ಇಬ್ಬರನ್ನು ಕೊಂದರು. ಚಾಂಪಿಯನ್ ಗುಂಡಿನ ನಡುವೆಯೇ ಒಂದು ಪುಟ್ಟ ಪುಸ್ತಕದಲ್ಲಿ ಏನಾಗುತ್ತಿದೆ ಅಂತ ಬರೆಯುತ್ತಿದ್ದ. ಆ ರಾತ್ರಿ ಅದೇ ಮನೆಯಲ್ಲಿ ಇಬ್ಬರು ಪ್ರಾಣಿ ಬೇಟೆಗಾರರು ತಂಗಿದ್ದರು, ಅವರೇ ಸಾಕ್ಷಿಗಳು. ವಿಚಾರಣೆಗೆ ಮೊದಲೇ ಅವರನ್ನು ರಾಜ್ಯದಿಂದ ಆಚೆ ಸಾಗಿಸಿಬಿಟ್ಟರು. 1893ರ ಜನವರಿಯಲ್ಲಿ ಮೊಕದ್ದಮೆ ಬಿದ್ದುಹೋಯಿತು. ಒಬ್ಬರಿಗೂ ಶಿಕ್ಷೆಯಾಗಲಿಲ್ಲ. ಅಷ್ಟು ಬಂದೂಕು, ಅಷ್ಟು ಖರ್ಚು, ಕೊನೆಗೆ ಕೆಲಸಕ್ಕೆ ಬಂದದ್ದು ಇಬ್ಬರನ್ನು ಕಾಣದಂತೆ ಮಾಡಿದ್ದು.

ತೆರೆಯ ಆಚೆಯ ಸಾಕ್ಷಿಗಳು

ಚಿತ್ರಕಥೆ ಬರೆದವರು ಬೆನ್ ಎಲ್. ಪೆರಿ ಅಂತ ಪರದೆಯ ಮೇಲೆ ಬರುತ್ತದೆ. ಅದು ಎರವಲು ಹೆಸರು. ಬರೆದವನು ಡಾಲ್ಟನ್ ಟ್ರಂಬೊ.

1947ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೊಂದು ಹಾಲಿವುಡ್ಡಿನವರನ್ನು ಕರೆಸಿ, ನೀವು ಕಮ್ಯುನಿಸ್ಟರೇ, ನಿಮಗೆ ಗೊತ್ತಿರುವ ಕಮ್ಯುನಿಸ್ಟರು ಯಾರು ಅಂತ ಕೇಳತೊಡಗಿತು. ಉತ್ತರ ಕೊಡಲು ಒಪ್ಪದ ಹತ್ತು ಜನ ‘ಹಾಲಿವುಡ್ ಟೆನ್’ ಅಂತ ಹೆಸರಾದರು. ಟ್ರಂಬೊ ಅವರಲ್ಲೊಬ್ಬ. 1950ರಲ್ಲಿ ಜೈಲಿಗೆ ಹೋದ, ಹತ್ತು ತಿಂಗಳ ಹಾಗೆ ಒಳಗಿದ್ದ. ಹೊರಬಂದ ಮೇಲೆ ಯಾವ ಸ್ಟುಡಿಯೋವೂ ಅವನ ಹೆಸರನ್ನು ಹಾಕುವ ಹಾಗಿರಲಿಲ್ಲ. ಬೇರೆಯವರ ಹೆಸರಿನಲ್ಲಿ ಬರೆದ, ಕಡಿಮೆ ದುಡ್ಡಿಗೆ ಬರೆದ. ರಾಬರ್ಟ್ ರಿಚ್ ಎಂಬ ಹೆಸರಿನಲ್ಲಿ ಬರೆದದ್ದಕ್ಕೆ 1957ರಲ್ಲಿ ಆಸ್ಕರ್ ಬಂತು, ತೆಗೆದುಕೊಳ್ಳಲು ರಾಬರ್ಟ್ ರಿಚ್ ಅನ್ನುವವನೇ ಬರಲಿಲ್ಲ. ಲೂಯಿಸ್‌ನ 1950ರ ‘ಗನ್ ಕ್ರೇಜಿ’ಯಲ್ಲೂ ಟ್ರಂಬೊನ ಕೆಲಸ ಮಿಲ್ಲರ್ಡ್ ಕಾಫ್‌ಮನ್ ಎಂಬ ಇನ್ನೊಬ್ಬ ಬರಹಗಾರನ ಹೆಸರಿನ ಹಿಂದೆ ಅಡಗಿತ್ತು.

ಕ್ರೇಲ್ ಪಾತ್ರ ಮಾಡಿದ ನೆಡ್ ಯಂಗ್‌ನ ಕಥೆ ಇನ್ನೂ ವಿಚಿತ್ರ. ಅವನು ನಟನೂ ಹೌದು, ಬರಹಗಾರನೂ ಹೌದು. 1953ರಲ್ಲಿ ಅದೇ ಸಮಿತಿಯ ಮುಂದೆ ಉತ್ತರ ಕೊಡಲು ಒಪ್ಪದೆ ಕಪ್ಪುಪಟ್ಟಿಗೆ ಸೇರಿದ. ಈ ಸಿನಿಮಾ ಬಂದ 1958ರಲ್ಲೇ ನೇಥನ್ ಇ. ಡಗ್ಲಸ್ ಎಂಬ ಸುಳ್ಳು ಹೆಸರಿನಲ್ಲಿ ಅವನು ಇನ್ನೊಬ್ಬನ ಜೊತೆ ಸೇರಿ ಬರೆದ ‘ದಿ ಡಿಫಯಂಟ್ ಒನ್ಸ್’ ಬಂತು. ಮರುವರ್ಷ ಅದಕ್ಕೆ ಆಸ್ಕರ್. ಇತ್ತ ಹತ್ತು ದಿನದ ಅಗ್ಗದ ಚಿತ್ರದಲ್ಲಿ ಉಕ್ಕಿನ ಕೈ ಹಾಕಿಕೊಂಡು ಕೊಲೆಗಾರ, ಅತ್ತ ಇಲ್ಲದ ಹೆಸರಿನಲ್ಲಿ ದೇಶದ ಅತ್ಯುತ್ತಮ ಚಿತ್ರಕಥೆಗಾರ.

ಮತ್ತೆ ಹೇಡನ್. ಅವನು ಮಾತಾಡಿದ. 1951ರ ಏಪ್ರಿಲ್‌ನಲ್ಲಿ ಸಮಿತಿಯ ಮುಂದೆ ಕೂತು, ತಾನು ಕೆಲವು ತಿಂಗಳು ಕಮ್ಯುನಿಸ್ಟ್ ಪಕ್ಷದಲ್ಲಿದ್ದೆ ಅಂತ ಒಪ್ಪಿಕೊಂಡು, ಬೇರೆಯವರ ಹೆಸರುಗಳನ್ನೂ ಕೊಟ್ಟ. ಎರಡನೇ ಮಹಾಯುದ್ಧದಲ್ಲಿ ಯುಗೋಸ್ಲಾವಿಯದ ಹೋರಾಟಗಾರರಿಗೆ ಸಮುದ್ರದಲ್ಲಿ ಸರಕು ಸಾಗಿಸಿ ಶೌರ್ಯ ಪದಕ ಪಡೆದವನು ಇವನು. ಗುಂಡಿಗೆ ಹೆದರದವನು ಕೆಲಸ ಹೋಗುವ ಭಯಕ್ಕೆ ಬಗ್ಗಿದ. ಆಮೇಲೆ ಜೀವನವಿಡೀ ಅದಕ್ಕಾಗಿ ತನ್ನನ್ನೇ ಹಳಿದುಕೊಂಡ. 1963ರ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಅದನ್ನು ಬರೆದ.

ಈಗ ಆ ಬೀದಿಯನ್ನು ಮತ್ತೊಮ್ಮೆ ನೋಡಿ. ಹಾರ್ಪೂನ್ ಹಿಡಿದ ನಾಯಕ ಹೆಸರು ಕೊಟ್ಟವನು. ಪಿಸ್ತೂಲು ಹಿಡಿದ ಖಳ ಹೆಸರು ಕೊಡದೆ ಕೆಲಸ ಕಳೆದುಕೊಂಡವನು. ಇಬ್ಬರಿಗೂ ಮಾತು ಬರೆದುಕೊಟ್ಟವನು ಹೆಸರು ಕೊಡದೆ ಜೈಲಿಗೆ ಹೋದವನು, ಅವನ ಹೆಸರೇ ಸಿನಿಮಾದಲ್ಲಿ ಇಲ್ಲ.

ಇಲ್ಲಿ ನನಗೆ ಒಂದು ತೊಡಕು ಎದುರಾಯಿತು. ಬಾಯಿ ಬಿಡದೆ ಇದ್ದದ್ದಕ್ಕೆ ಶಿಕ್ಷೆ ಉಂಡ ಬರಹಗಾರ, ಬಾಯಿ ಬಿಡುವುದೇ ಧೈರ್ಯ ಅನ್ನುವ ಕಥೆ ಯಾಕೆ ಬರೆದ? ಮಿರಾಡಾ ಸಾಕ್ಷಿ ಹೇಳಬೇಕು ಅಂತ ಸಿನಿಮಾ ಬಯಸುತ್ತದೆ. ಟ್ರಂಬೊ ಹೇಳಲಿಲ್ಲ. ವಿರೋಧ ಅಲ್ವಾ?

ಸ್ವಲ್ಪ ದಿನ ಇದನ್ನು ತಲೆಯಲ್ಲಿಟ್ಟುಕೊಂಡು ತಿರುಗಿದೆ. ನನಗೆ ಕಂಡದ್ದು ಹೀಗೆ. ಮಿರಾಡಾ ಹೇಳುವ ಹೆಸರು ಬಲಿಷ್ಠನದು, ಹೇಳುತ್ತಿರುವುದು ಮೋಸ ಹೋದವನಿಗೆ, ಹೇಳಿದ್ದಕ್ಕೆ ಸಾಯುವುದು ತಾನೇ. ಸಮಿತಿಯ ಕೋಣೆಯಲ್ಲಿ ಕೇಳಿದ ಹೆಸರುಗಳು ಬಲವಿಲ್ಲದವರವು, ಕೇಳುತ್ತಿದ್ದವರು ಅಧಿಕಾರದಲ್ಲಿದ್ದವರು, ಹೇಳಿದವನಿಗೆ ಸಿಗುತ್ತಿದ್ದದ್ದು ಮರಳಿ ಕೆಲಸ. ಹೊರಗಿನಿಂದ ನೋಡಿದರೆ ಎರಡೂ ಸಾಕ್ಷಿಯೇ. ಪ್ರೇರಿ ಸಿಟಿಯ ಶೆರಿಫ್ ಮಿರಾಡಾನನ್ನು ಕರೆದು, ನಿನ್ನ ನೆರೆಹೊರೆಯಲ್ಲಿ ಯಾರ್ಯಾರು ಮೆಕ್‌ನೀಲ್ ವಿರುದ್ಧ ಮಾತಾಡುತ್ತಾರೆ ಹೇಳು ಅಂತ ಕೇಳಿದ್ದರೆ, ಟ್ರಂಬೊನ ಮಿರಾಡಾ ಬಾಯಿ ಬಿಡುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ. ಚಿತ್ರಕಥೆ ಕಟ್ಟಿರುವುದು ಈ ವ್ಯತ್ಯಾಸದ ಮೇಲೆ.

ಹೇಡನ್ ಆ ಪಾತ್ರ ಮಾಡುವಾಗ ಏನು ಯೋಚಿಸಿದನೋ ಅಂತ ಊಹಿಸುವುದು ಸರಿಯಲ್ಲ. ಆದರೆ ಮಿರಾಡಾ ನಿಜ ಹೇಳುವ ದೃಶ್ಯದಲ್ಲಿ ಅವನ ಮುಖ ನೋಡುವಾಗ ಈ ಚರಿತ್ರೆಯನ್ನು ಮರೆಯಲು ನನ್ನಿಂದ ಆಗುವುದಿಲ್ಲ.

ಎರಡು ಎಣ್ಣೆ

ಹಾರ್ಪೂನ್ ಬರೀ ಗಿಮಿಕ್ಕು ಅನ್ನುವವರಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ ಅಂತ ಮೊದಲೇ ಹೇಳಿದೆನಲ್ಲ.

ತಿಮಿಂಗಿಲವನ್ನು ಯಾಕೆ ಬೇಟೆಯಾಡುತ್ತಿದ್ದರು? ಎಣ್ಣೆಗೆ. ಹತ್ತೊಂಬತ್ತನೇ ಶತಮಾನದ ಅಮೆರಿಕದ ಮನೆಗಳಲ್ಲಿ ದೀಪಕ್ಕೆ ತಿಮಿಂಗಿಲದ ಎಣ್ಣೆ ಉರಿಯುತ್ತಿತ್ತು. ನ್ಯೂ ಬೆಡ್‌ಫರ್ಡ್ ಬಂದರು ಅದರಿಂದಲೇ ಶ್ರೀಮಂತವಾಯಿತು. 1859ರಲ್ಲಿ ಪೆನ್ಸಿಲ್ವೇನಿಯದ ಟೈಟಸ್‌ವಿಲ್‌ನಲ್ಲಿ ಎಡ್ವಿನ್ ಡ್ರೇಕ್ ಬಾವಿ ಕೊರೆದು ನೆಲದ ಎಣ್ಣೆ ತೆಗೆದ. ಅಗ್ಗದ ಸೀಮೆಎಣ್ಣೆ ಬಂತು, ತಿಮಿಂಗಿಲದ ಎಣ್ಣೆಯ ಮಾರುಕಟ್ಟೆ ಕುಸಿಯಿತು, ಹಡಗುಗಳು ಕಡಿಮೆಯಾಗುತ್ತಾ ಹೋದವು. ಸ್ವೆನ್ ಹ್ಯಾನ್ಸನ್ ಸಮುದ್ರ ಬಿಟ್ಟು ರೈತನಾದದ್ದಕ್ಕೆ ಸಿನಿಮಾ ಈ ಕಾರಣವನ್ನು ಕೊಡುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ನೆಲದ ಎಣ್ಣೆ ಅವನ ಹಳೆಯ ಕಸುಬಿನ ಬುಡ ಕಿತ್ತಿತು. ಸಮುದ್ರದಿಂದ ಇಷ್ಟು ದೂರ ಬಂದು ನೆಲೆ ನಿಂತರೆ, ಅದೇ ಎಣ್ಣೆ ಅವನ ಕಾಲ ಕೆಳಗೇ ಬಂದು ಜೀವ ತೆಗೆಯಿತು. ಅವನ ಮಗ ಹಳೆಯ ಎಣ್ಣೆಯ ಈಟಿ ಹಿಡಿದು ಹೊಸ ಎಣ್ಣೆಯ ಬಂಟನ ಎದುರು ನಿಂತಿದ್ದಾನೆ. ಟ್ರಂಬೊ ಇಷ್ಟೆಲ್ಲ ಯೋಚಿಸಿ ಬರೆದನೋ ಇಲ್ಲವೋ, ಚಿತ್ರದೊಳಗೆ ಇದು ಕೂತಿದೆ.

ಸ್ವೀಡಿಷ್ ರೈತ ಟೆಕ್ಸಾಸಿನಲ್ಲಿ ಇರುವುದೂ ಹೊಸದೇನಲ್ಲ. 1838ರಲ್ಲಿ ಬಂದ ಸ್ವೆನ್ ಮ್ಯಾಗ್ನಸ್ ಸ್ವೆನ್ಸನ್ ಅಲ್ಲಿನ ಮೊದಲ ಸ್ವೀಡಿಷ್ ವಲಸಿಗ. ಅವನ ಹಿಂದೆ ಊರವರು ಬಹಳ ಜನ ಬಂದು ಆಸ್ಟಿನ್ ಸುತ್ತಮುತ್ತ ನೆಲೆಸಿದರು. ತಮಾಷೆ ಏನೆಂದರೆ ನಿಜವಾದ ಸ್ವೆನ್ ಕೊನೆಗೆ ಭಾರೀ ಜಮೀನ್ದಾರನಾದ.

ಹತ್ತು ದಿನದ ಸಿನಿಮಾದ ಕೊರತೆಗಳು

ಮುಚ್ಚಿಡುವಂಥದ್ದೇನಿಲ್ಲ. ಹೇಡನ್‌ನ ಸ್ವೀಡಿಷ್ ಉಚ್ಚಾರಣೆ ಒಂದೊಂದು ದೃಶ್ಯದಲ್ಲಿ ಒಂದೊಂದು ಥರ ಇದೆ. ಊರು ಅಂದರೆ ಒಂದೇ ಬೀದಿ. ಮಿರಾಡಾನ ಹೆಂಡತಿಗೆ ಹೆದರುವುದು, ಅಳುವುದು ಬಿಟ್ಟರೆ ಹೆಚ್ಚು ಕೆಲಸವಿಲ್ಲ. ರೈತರ ಸಭೆ ಸ್ವಲ್ಪ ನಾಟಕದ ಹಾಗಿದೆ, ಒಬ್ಬರಾದ ಮೇಲೆ ಒಬ್ಬರು ಎದ್ದು ಮಾತಾಡುತ್ತಾರೆ.

ಆದರೆ ದುಡ್ಡಿಲ್ಲದ್ದನ್ನೇ ಲೂಯಿಸ್ ಕೆಲಸಕ್ಕೆ ಹಚ್ಚಿದ್ದಾನೆ. ಕ್ಯಾಮೆರಾ ಕೆಳಗಿರುತ್ತದೆ, ಹತ್ತಿರದಲ್ಲಿ ಯಾವುದೋ ಒಂದು ವಸ್ತು ಅಥವಾ ಯಾರದೋ ಬೆನ್ನು, ದೂರದಲ್ಲಿ ಮುಖ. ಹಿಂದೆ ಸಣ್ಣ ವೆಸ್ಟರ್ನ್‌ಗಳನ್ನು ಮಾಡುತ್ತಿದ್ದಾಗ ಗಾಡಿಯ ಚಕ್ರಗಳನ್ನು ಮುಂದಿಟ್ಟುಕೊಂಡು ಅದರ ಸಂದಿಯಿಂದ ಚಿತ್ರ ತೆಗೆಯುತ್ತಿದ್ದನಂತೆ, ಅದಕ್ಕೆ ‘ವ್ಯಾಗನ್ ವೀಲ್ ಜೋ’ ಅಂತ ಅಡ್ಡಹೆಸರೂ ಬಿತ್ತು. ಛಾಯಾಗ್ರಾಹಕ ರೇ ರೆನ್ನಹನ್ ಬಣ್ಣದ ಚಿತ್ರಗಳಿಗೆ ಹೆಸರಾದವನು, ‘ಗಾನ್ ವಿತ್ ದಿ ವಿಂಡ್’ಗಾಗಿ ಆಸ್ಕರ್ ಹಂಚಿಕೊಂಡವನು. ಇಲ್ಲಿ ಅವನಿಗೆ ಸಿಕ್ಕಿದ್ದು ಕಪ್ಪು ಬಿಳುಪು ಮತ್ತು ಹತ್ತು ದಿನ. ಇದು ಲೂಯಿಸ್‌ನ ಕೊನೆಯ ಸಿನಿಮಾ. ಆಮೇಲೆ ಟಿವಿ ಧಾರಾವಾಹಿಗಳಿಗೆ ಹೋದ.

ಆ ಮೊದಲ ದೃಶ್ಯವನ್ನು ಕೊನೆಯಿಂದ ಕಿತ್ತು ಮುಂದಿಟ್ಟದ್ದಕ್ಕೆ ಒಂದು ಲಾಭವಿದೆ. ಮೊದಲ ಸಲ ನೋಡುವಾಗ ನಮ್ಮ ಕಣ್ಣು ಹಾರ್ಪೂನ್ ಮೇಲೆ ನೆಟ್ಟಿರುತ್ತದೆ. ಆಮೇಲೆ ಕ್ರೇಲ್‌ನ ಬೆನ್ನ ಮೇಲೆ, ಸೊಂಟದ ಪಿಸ್ತೂಲಿನ ಮೇಲೆ. ಜಾರ್ಜ್‌ನ ಹಿಂದೆ ಮಸುಕಾಗಿ ಒಂದಿಷ್ಟು ಜನ ಇರುತ್ತಾರೆ. ಬೀದಿ ಅಂದಮೇಲೆ ಜನ ಇರುತ್ತಾರೆ ಬಿಡಿ ಅಂತ ದಾಟಿಕೊಂಡು ಹೋಗುತ್ತೇವೆ.

ಎರಡನೇ ಸಲ ಅದೇ ಬೀದಿ ಬಂದಾಗ ಅವರು ಯಾರು ಅಂತ ಗೊತ್ತಿರುತ್ತದೆ. ಮನೆ ಸುಟ್ಟುಕೊಂಡವರು ಅಲ್ಲಿದ್ದಾರೆ. ಸಭೆಯಲ್ಲಿ ಮಾತಾಡಿ ಮನೆಗೆ ಹೋಗಿ ಬಾಗಿಲು ಹಾಕಿಕೊಂಡವರಿದ್ದಾರೆ. ಜಾರ್ಜ್ ಕೇಳಿದಾಗ ಗೊತ್ತಿಲ್ಲ ಅಂದವರೂ ಅವರೇ. ಮಿರಾಡಾ ಸತ್ತ ಮೇಲೆ ಬೀದಿಗಿಳಿದಿದ್ದಾರೆ. ಯಾರ ಕೈಯಲ್ಲೂ ಬಂದೂಕಿಲ್ಲ. ಜಾರ್ಜ್ ಒಂದು ಹೆಜ್ಜೆ ಮುಂದಿಟ್ಟರೆ ಅವರೂ ಇಡುತ್ತಾರೆ, ಕ್ರೇಲ್ ಅವರನ್ನೂ ನೋಡುತ್ತಿದ್ದಾನೆ.